36 ಗೆಲುವು, 69 ಸೋಲು: ಬೇಲರ್ ತಂಡಕ್ಕೆ ಸಿಕ್ಕ ಕಾಲಾವಕಾಶ

ಹೊಸ ತಂಡದ ಹೊಣೆ ಹೊತ್ತ ತರಬೇತುದಾರರೊಬ್ಬರು ಮೊದಲ ನಾಲ್ಕು ವರ್ಷಗಳಲ್ಲಿ 36 ಪಂದ್ಯಗಳನ್ನು ಗೆದ್ದು 69ನ್ನು ಸೋತರೆ, ಅದರಲ್ಲೂ ತಮ್ಮದೇ ಲೀಗಿನ ತಂಡಗಳ ಎದುರು ಆಡಿದ 64 ಪಂದ್ಯಗಳಲ್ಲಿ ಬರೀ 12ನ್ನು ಗೆದ್ದರೆ, ಐದನೆಯ ವರ್ಷ ಅವರು ಅದೇ ಕುರ್ಚಿಯಲ್ಲಿ ಇರುತ್ತಾರೆಯೇ? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಇಂದಿನ ರೀತಿ ನೋಡಿದರೆ ಇರಲಾರರು. ಆದರೆ ಟೆಕ್ಸಸ್ ರಾಜ್ಯದ ವೇಕೋ ನಗರದಲ್ಲಿರುವ ಬೇಲರ್ ವಿಶ್ವವಿದ್ಯಾಲಯದಲ್ಲಿ ಒಬ್ಬರು ಉಳಿದುಕೊಂಡರು. ಅವರು ಸ್ಕಾಟ್ ಡ್ರೂ. ಕೆಲಸಕ್ಕೆ ಸೇರಿ ಹದಿನೆಂಟನೆಯ ಋತುವಿನಲ್ಲಿ, 2021ರ ಏಪ್ರಿಲ್ 5ರಂದು, ಅವರ ತಂಡ ಅದುವರೆಗೆ ಒಂದೂ ಪಂದ್ಯ ಸೋಲದಿದ್ದ ಗೊನ್ಜಾಗಾ ವಿಶ್ವವಿದ್ಯಾಲಯದ ತಂಡವನ್ನು 86-70ರಿಂದ ಮಣಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.

ಈ ಕಥೆಯನ್ನು ಸಾಮಾನ್ಯವಾಗಿ ದೈವಭಕ್ತಿ ಮತ್ತು ಛಲದ ಕಥೆಯಾಗಿ ಹೇಳುತ್ತಾರೆ. ಬೇಲರ್ ಬ್ಯಾಪ್ಟಿಸ್ಟ್ ಪಂಥದ ಸಂಸ್ಥೆ. ಡ್ರೂ ಕೂಡ ತಮ್ಮ ಧರ್ಮಶ್ರದ್ಧೆಯನ್ನು ಮುಚ್ಚಿಟ್ಟವರಲ್ಲ. ಅವೆರಡನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಮಟ್ಟಿಗೆ ಇದು ಮೊದಲಿಗೆ ಕಾಲಾವಕಾಶದ ಕಥೆ. ಆ ಕಾಲಾವಕಾಶವನ್ನು ಯಾರೂ ದೊಡ್ಡ ಮನಸ್ಸಿನಿಂದ ಕೊಟ್ಟಿರಲಿಲ್ಲ ಎಂಬುದೇ ನಾನು ಇಂದು ಹೇಳಬೇಕೆಂದಿರುವ ವಿಚಾರ.

ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ನಮ್ಮ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯ ಹಾಗೆ ಆಟಗಾರರ ಗೆಳೆಯರಷ್ಟೇ ಬಂದು ನೋಡುವ ಆಟವಲ್ಲ. ಟಿವಿ ಹಕ್ಕುಗಳಿಂದ ಬರುವ ಅಪಾರ ಹಣ, ಸಾವಿರಾರು ಜನ ಕೂರುವ ಕ್ರೀಡಾಂಗಣಗಳು, ಮಾರ್ಚ್ ತಿಂಗಳಲ್ಲಿ ಇಡೀ ದೇಶ ನೋಡುವ ರಾಷ್ಟ್ರೀಯ ಟೂರ್ನಿ, ಇವೆಲ್ಲವೂ ಸೇರಿದ ಉದ್ಯಮ ಅದು. ಎನ್‌ಸಿಎಎ ಎಂಬ ಸಂಸ್ಥೆ ಅದರ ನಿಯಮಗಳನ್ನು ನೋಡಿಕೊಳ್ಳುತ್ತದೆ. ಒಂದು ತಂಡ ಎಷ್ಟು ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದು ಎಂಬುದಕ್ಕೂ ಆಗ ಮಿತಿಯಿತ್ತು. ಬೇಲರ್‌ನ ದುರಂತದ ಒಂದು ಎಳೆ ಶುರುವಾಗುವುದು ಆ ಮಿತಿಯಿಂದಲೇ.

2003ರ ಜೂನ್‌ನಲ್ಲಿ ಪ್ಯಾಟ್ರಿಕ್ ಡೆನ್ನೆಹಿ ಎಂಬ 21 ವರ್ಷದ ಬೇಲರ್ ಆಟಗಾರ ಕಾಣೆಯಾದ. ಜುಲೈ ಕೊನೆಯಲ್ಲಿ ವೇಕೋ ಸಮೀಪದ ಬಯಲಿನಲ್ಲಿ ಅವನ ಶವ ಸಿಕ್ಕಿತು. ಗುಂಡಿಟ್ಟು ಕೊಂದವನು ಅದೇ ತಂಡದಲ್ಲಿ ಆಡಿದ್ದ ಕಾರ್ಲ್‌ಟನ್ ಡಾಟ್ಸನ್. 2005ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ 35 ವರ್ಷಗಳ ಸೆರೆವಾಸವಾಯಿತು. ತನಿಖೆ ನಡೆಯುತ್ತಿರುವಾಗಲೇ ಇನ್ನೊಂದು ಸಂಗತಿ ಹೊರಬಿತ್ತು. ವಿದ್ಯಾರ್ಥಿವೇತನ ಸಿಗದಿದ್ದ ಡೆನ್ನೆಹಿಯ ಶುಲ್ಕಕ್ಕೆ ಆಗಿನ ಮುಖ್ಯ ತರಬೇತುದಾರ ಡೇವ್ ಬ್ಲಿಸ್ ನಿಯಮ ಮೀರಿ ಗುಟ್ಟಾಗಿ ಹಣ ಕೊಟ್ಟಿದ್ದರು. ಅದನ್ನು ಮರೆಮಾಚಲು, ಸತ್ತ ಹುಡುಗ ಮಾದಕ ವಸ್ತು ಮಾರಿ ಶುಲ್ಕ ಕಟ್ಟಿಕೊಂಡಿದ್ದ ಎಂದು ತನಿಖಾಧಿಕಾರಿಗಳ ಮುಂದೆ ಹೇಳುವಂತೆ ಅವರು ಸಹಾಯಕರಿಗೂ ಆಟಗಾರರಿಗೂ ಹೇಳಿಕೊಟ್ಟರು. ಅಬಾರ್ ರೌಸ್ ಎಂಬ ಸಹಾಯಕ ತರಬೇತುದಾರ ಆ ಮಾತುಗಳನ್ನು ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದರಿಂದ ಸುಳ್ಳು ಬಯಲಾಯಿತು. ಆಗಸ್ಟ್ 8ರಂದು ಬ್ಲಿಸ್ ರಾಜೀನಾಮೆ ಕೊಟ್ಟರು. ಆಟಗಾರರಿಗೆ ಬೇರೆ ಕಾಲೇಜಿಗೆ ಹೋಗಲು ಅನುಮತಿ ಸಿಕ್ಕಿತು. ಉತ್ತಮ ಆಟಗಾರರಾದ ಜಾನ್ ಲೂಕಸ್ ಮತ್ತು ಲಾರೆನ್ಸ್ ರಾಬರ್ಟ್ಸ್ ಹೊರಟುಹೋದರು.

ಅದೇ ಆಗಸ್ಟ್ ತಿಂಗಳು ಮುಗಿಯುವ ಮೊದಲೇ ಆ ಕೆಲಸವನ್ನು ಒಪ್ಪಿಕೊಂಡಾಗ ಡ್ರೂ ಅವರಿಗೆ 32 ವರ್ಷ. ಕಾಲೇಜು ಮಟ್ಟದಲ್ಲಿ ಆಡಿದವರಲ್ಲ. ತಂದೆ ಹೋಮರ್ ಡ್ರೂ ಅವರ ಕೈಕೆಳಗೆ ವಾಲ್ಪರೈಸೋ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ ಸಹಾಯಕರಾಗಿದ್ದವರು. 1998ರ ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ಕ್ಷಣದ ಹೊಡೆತದಿಂದ ಮಿಸಿಸಿಪ್ಪಿ ತಂಡವನ್ನು 70-69ರಿಂದ ಸೋಲಿಸಿ ಮನೆಮಾತಾದ ಬ್ರೈಸ್ ಡ್ರೂ ಇವರ ತಮ್ಮ. ಮುಖ್ಯ ತರಬೇತುದಾರರಾಗಿ ಸ್ಕಾಟ್ ಅವರಿಗಿದ್ದದ್ದು ಒಂದೇ ವರ್ಷದ ಅನುಭವ. ಮಗ ಬೇಲರ್‌ಗೆ ಹೊರಟಾಗ, ನಿವೃತ್ತರಾಗಿದ್ದ ತಂದೆಯೇ ಮರಳಿ ವಾಲ್ಪರೈಸೋ ತಂಡವನ್ನು ವಹಿಸಿಕೊಳ್ಳಬೇಕಾಯಿತು. ಹೆಸರು ಮಾಡಿದ ತರಬೇತುದಾರರು ಈ ಕೆಲಸಕ್ಕೆ ಮುಗಿಬಿದ್ದಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ಋತುವಿನಲ್ಲಿ 8 ಗೆಲುವು, 21 ಸೋಲು. ಎರಡನೆಯದರಲ್ಲಿ 9 ಮತ್ತು 19. ಆ ಎರಡನೆಯ ವರ್ಷ, ಬೇಲರ್ ಆಡುವ ಬಿಗ್ 12 ಲೀಗಿನ 16 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಮೂರನೆಯ ವರ್ಷದ ಹೊತ್ತಿಗೆ ಎನ್‌ಸಿಎಎ ಶಿಕ್ಷೆ ಜಾರಿಗೆ ಬಂತು. 2005-06ರಲ್ಲಿ ಬೇಲರ್ ತನ್ನ ಲೀಗಿನ ಹೊರಗಿನ ಯಾವ ತಂಡದೊಡನೆಯೂ ಆಡುವಂತಿರಲಿಲ್ಲ. ಉಳಿದವರೆಲ್ಲ ನವೆಂಬರ್‌ನಿಂದ ದುರ್ಬಲ ತಂಡಗಳೊಡನೆ ಆಡಿ ಕೈ ಪಳಗಿಸಿಕೊಳ್ಳುತ್ತಿದ್ದಾಗ, ಬೇಲರ್ ಹುಡುಗರು ಜನವರಿಯವರೆಗೆ ತಮ್ಮತಮ್ಮಲ್ಲೇ ಅಭ್ಯಾಸ ಮಾಡುತ್ತಾ ಕಾದು, ಆಮೇಲೆ ನೇರವಾಗಿ ದೇಶದ ಅತ್ಯಂತ ಕಠಿಣ ಲೀಗುಗಳಲ್ಲೊಂದಕ್ಕೆ ಇಳಿದರು. ಆ ವರ್ಷದ ಲೆಕ್ಕ 4 ಗೆಲುವು, 13 ಸೋಲು. ಆ ಶಿಕ್ಷೆಯ ತರ್ಕ ನನಗೆ ಇಂದಿಗೂ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ತಪ್ಪು ಮಾಡಿದವರು ಆಗಲೇ ಹೊರಟುಹೋಗಿದ್ದರು. ದಂಡ ತೆತ್ತವರು ಆಮೇಲೆ ಬಂದ ಹುಡುಗರು.

ಇಲ್ಲೇ ನನ್ನ ವಾದದ ತಿರುಳಿದೆ. ಈ ನಾಲ್ಕು ವರ್ಷ ಬೇಲರ್ ಆಡಳಿತ ಡ್ರೂ ಅವರನ್ನು ಉಳಿಸಿಕೊಂಡದ್ದಕ್ಕೆ ಅವರ ಮೇಲಿನ ಭರವಸೆ ಒಂದು ಕಾರಣ ಇದ್ದೀತು; ಆದರೆ ಅವರನ್ನು ತೆಗೆದುಹಾಕುವ ನೈತಿಕ ಧೈರ್ಯ ಅದಕ್ಕಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ ಎಂದು ನಾನು ತಿಳಿಯುತ್ತೇನೆ. ಕೊಲೆ, ಸುಳ್ಳು ಮತ್ತು ನಿಷೇಧಗಳ ಬಳಿಕ ಗೆಲುವು ಸಾಲದೆಂದು ತರಬೇತುದಾರನನ್ನು ಹೊರಗೆ ಕಳಿಸುವ ವಿಶ್ವವಿದ್ಯಾಲಯ ಜನರ ಎದುರು ಏನು ಮುಖ ಇಟ್ಟುಕೊಂಡು ನಿಲ್ಲಬೇಕು? ತಮ್ಮದೇ ಅಪರಾಧಪ್ರಜ್ಞೆ ಅವರನ್ನು ಸಹನಶೀಲರನ್ನಾಗಿ ಮಾಡಿತು. ಡ್ರೂ ಅವರ ಜಾಣತನವೆಂದರೆ ಆ ಸಹನೆ ಎಷ್ಟು ದಿನ ಉಳಿದೀತು ಎಂದು ಅಳೆಯುತ್ತಾ ಕೂರದೆ, ಹಟ್ಟಿಗೊಬ್ಬರ ಹಾಕಿ ಹೊಲ ಕಟ್ಟುವ ರೈತನಂತೆ, ಫಲ ಕಾಣದ ವರ್ಷಗಳನ್ನೂ ಪ್ರೌಢಶಾಲೆಯ ಹುಡುಗರನ್ನು ಹುಡುಕಿ ಒಪ್ಪಿಸುವುದಕ್ಕೆ ಬಳಸಿಕೊಂಡದ್ದು. ಆಸ್ಟ್ರೇಲಿಯದಿಂದ ಆರನ್ ಬ್ರೂಸ್ ಬಂದರು. ಟೆಕ್ಸಸ್‌ನವರೇ ಆದ ಕರ್ಟಿಸ್ ಜೆರೆಲ್ಸ್ ಬಂದರು. ಸಹಾಯಕರಾಗಿ ಟೆಕ್ಸಸ್‌ನದೇ ಒಂದು ಶಾಲೆಯಲ್ಲಿ ತರಬೇತುದಾರರಾಗಿದ್ದ ಜೆರೋಮ್ ಟ್ಯಾಂಗ್ 2003ರಲ್ಲೇ ಜೊತೆಗೂಡಿದರು. ಅವರು 2022ರಲ್ಲಿ ಕ್ಯಾನ್ಸಸ್ ಸ್ಟೇಟ್ ತಂಡದ ಮುಖ್ಯಸ್ಥರಾಗಿ ಹೋಗುವವರೆಗೂ ಆ ಜೋಡಿ ಒಡೆಯಲಿಲ್ಲ.

2008ರ ಜನವರಿಯಲ್ಲಿ ಬೇಲರ್ ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು ಅವರದೇ ಅಂಗಣದಲ್ಲಿ ಐದು ಓವರ್‌ಟೈಮ್‌ಗಳ (ಅಂಕ ಸಮವಾದಾಗ ಆಡಿಸುವ ಹೆಚ್ಚುವರಿ ಅವಧಿಗಳ) ಬಳಿಕ 116-110ರಿಂದ ಸೋಲಿಸಿತು. ಆ ವರ್ಷ, 1988ರ ನಂತರ ಮೊದಲ ಬಾರಿಗೆ, ರಾಷ್ಟ್ರೀಯ ಟೂರ್ನಿಯಲ್ಲಿ ಸ್ಥಾನ ಸಿಕ್ಕಿತು. 2010ರಲ್ಲಿ ಆ ಟೂರ್ನಿಯಲ್ಲಿ 1950ರ ನಂತರದ ಮೊದಲ ಗೆಲುವು ಬಂತು, ತಂಡ ಕೊನೆಯ ಎಂಟರವರೆಗೆ ಹೋಯಿತು. 2012ರಲ್ಲಿ ಮತ್ತೆ ಕೊನೆಯ ಎಂಟು.

ಆದರೆ ಇವರನ್ನು ಸಂತನನ್ನಾಗಿ ಮಾಡಲು ನಾನು ಸಿದ್ಧನಿಲ್ಲ. 2012ರಲ್ಲಿ ಬೇಲರ್‌ನ ಪುರುಷರ ಮತ್ತು ಮಹಿಳೆಯರ ತಂಡಗಳ ಸಿಬ್ಬಂದಿ ತಂಡಕ್ಕೆ ಸೇರಿಸಿಕೊಳ್ಳಬೇಕೆಂದಿದ್ದ ಹುಡುಗ ಹುಡುಗಿಯರ ಕಡೆಗೆ ನಿಯಮ ಮೀರಿ ಸಾವಿರಕ್ಕೂ ಹೆಚ್ಚು ಕರೆ ಮಾಡಿ ಸಂದೇಶ ಕಳಿಸಿದ್ದು ಹೊರಬಂದು, ಡ್ರೂ ಎರಡು ಲೀಗ್ ಪಂದ್ಯಗಳಿಗೆ ಹೊರಗುಳಿಯಬೇಕಾಯಿತು. ಕೊಲೆಯ ಹಗರಣದೊಡನೆ ಹೋಲಿಸಿದರೆ ಇದು ಚಿಕ್ಕದು ನಿಜ. ಆದರೆ ಕಳಂಕ ತೊಳೆಯಲೆಂದೇ ಬಂದವರ ಮೇಲೆ ಬಿದ್ದ ಕಲೆ ಎಂಬುದನ್ನು ಮರೆಯಬಾರದು. ಆಟದ ವಿಷಯದಲ್ಲೂ ಟೀಕೆಗಳಿದ್ದವು. ಪ್ರತಿಭಾವಂತರನ್ನು ಕೂಡಿಹಾಕುತ್ತಾರೆ, ಆಡಿಸಲು ಬರುವುದಿಲ್ಲ ಎನ್ನುವವರು ಬಹಳ ಮಂದಿ. 2015ರಲ್ಲಿ ಜಾರ್ಜಿಯಾ ಸ್ಟೇಟ್ ಎದುರು 57-56ರಿಂದ ಸೋತಾಗ, ಮರುವರ್ಷ ಯೇಲ್ ಎದುರು ಸೋತಾಗ ಆ ಮಾತಿಗೆ ಬಲ ಬಂತು. ಅದಕ್ಕೆ ಡ್ರೂ ಕೊಟ್ಟ ಉತ್ತರ ನನಗೆ ಅವರ ವೃತ್ತಿಯಲ್ಲೇ ಹೆಚ್ಚು ಮೆಚ್ಚುಗೆಯಾದದ್ದು. ಅಷ್ಟು ವರ್ಷ ನೆಚ್ಚಿಕೊಂಡಿದ್ದ ಝೋನ್ ಡಿಫೆನ್ಸನ್ನು, ಅಂದರೆ ಒಬ್ಬೊಬ್ಬ ಆಟಗಾರ ಅಂಗಣದ ಒಂದೊಂದು ಭಾಗವನ್ನು ಕಾಯುವ ಪದ್ಧತಿಯನ್ನು, ಅವರು 2019-20ರಲ್ಲಿ ಬದಿಗಿಟ್ಟು, ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸಿ, ಚೆಂಡು ಅಂಗಣದ ನಡುವಿಗೆ ಬಾರದಂತೆ ಬದಿಗೆ ಒತ್ತುವ ಪದ್ಧತಿಗೆ ಬಂದರು. ವರ್ಷಗಟ್ಟಲೆ ನಡೆಸಿದ ಪದ್ಧತಿಯನ್ನು ಐವತ್ತರ ಹೊಸ್ತಿಲಲ್ಲಿ ಬಿಟ್ಟುಕೊಡುವುದು ಸುಲಭವಲ್ಲ. ಆ ಋತುವಿನಲ್ಲಿ ಸತತ 23 ಗೆಲುವುಗಳು ಬಂದವು, ಒಟ್ಟು ಲೆಕ್ಕ 26-4. ಕೋವಿಡ್‌ನಿಂದ ರಾಷ್ಟ್ರೀಯ ಟೂರ್ನಿಯೇ ರದ್ದಾಯಿತು. ಮರುವರ್ಷ ಪ್ರಶಸ್ತಿ ಕೈಗೆ ಬಂತು.

ಆ ಪ್ರಶಸ್ತಿ ಗೆದ್ದ ತಂಡವನ್ನು ಹತ್ತಿರದಿಂದ ನೋಡಿದರೆ ಕಾಲಾವಕಾಶದ ಮಾತು ಮತ್ತೆ ಎದುರಾಗುತ್ತದೆ. ಡೇವಿಯನ್ ಮಿಚೆಲ್ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಪಂದ್ಯಕ್ಕೆ ನಾಲ್ಕು ಅಂಕವೂ ಗಳಿಸದೆ ಬಂದವನು. ಮಸೀಯೋ ಟೀಗ್ ಮತ್ತು ಆ್ಯಡಮ್ ಫ್ಲ್ಯಾಗ್ಲರ್ ಹೆಸರಿಲ್ಲದ ಸಣ್ಣ ಕಾಲೇಜುಗಳಿಂದ ಬಂದವರು. ಆಗಿನ ನಿಯಮದಂತೆ ಕಾಲೇಜು ಬದಲಿಸಿದವರು ಒಂದು ವರ್ಷ ಪಂದ್ಯ ಆಡುವಂತಿರಲಿಲ್ಲ; ಅಭ್ಯಾಸವಷ್ಟೇ. ಆಟಗಾರರ ಪಾಲಿಗೆ ಶಿಕ್ಷೆಯೇ ಆಗಿದ್ದ ಆ ವರ್ಷವನ್ನು ಡ್ರೂ ಬಳಗ ಮೈಕಟ್ಟಲು, ಹೊಡೆತ ತಿದ್ದಲು, ಪದ್ಧತಿ ಕಲಿಸಲು ಬಳಸಿಕೊಂಡಿತು. ಮಿಚೆಲ್ 2021ರಲ್ಲಿ ದೇಶದ ಶ್ರೇಷ್ಠ ರಕ್ಷಣಾ ಆಟಗಾರನಾಗಿ ವೃತ್ತಿಪರ ಲೀಗಾದ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಆಯ್ಕೆಯಲ್ಲಿ ಒಂಬತ್ತನೆಯವನಾದ. ಫೈನಲ್‌ನಲ್ಲಿ 22 ಅಂಕ ಗಳಿಸಿದ ಜ್ಯಾರೆಡ್ ಬಟ್ಲರ್ ಆ ಹೊತ್ತಿಗೆ ಬೇಲರ್‌ನಲ್ಲಿ ಮೂರು ವರ್ಷ ಕಳೆದಿದ್ದ.

ಅದೇ 2021ರಲ್ಲಿ ಆ ನಿಯಮ ಹೋಯಿತು. ಒಂದು ಬಾರಿ ಕಾಲೇಜು ಬದಲಿಸಿದರೆ ಕೂಡಲೇ ಆಡಬಹುದು ಎಂದಾಯಿತು. 2024ರಲ್ಲಿ ಎಷ್ಟು ಬಾರಿಯಾದರೂ ಸರಿ ಎಂದಾಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು; 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಆಟಗಾರರ ದೃಷ್ಟಿಯಿಂದ ಇದು ನ್ಯಾಯ. ಅವರ ಬೆವರಿನಿಂದ ಉಳಿದವರೆಲ್ಲ ಶ್ರೀಮಂತರಾಗಿದ್ದಾಗ ಅವರು ಮಾತ್ರ ಬರಿಗೈಯಲ್ಲಿ ಇರಬೇಕು ಎನ್ನುವುದನ್ನು ನಾನು ಸಮರ್ಥಿಸಲಾರೆ. ಆದರೆ ತಂಡ ಕಟ್ಟುವ ಕೆಲಸದ ಸ್ವರೂಪವೇ ಬದಲಾಗಿದೆ. ಕಳೆದ ವರ್ಷ ಸೋತ ತಂಡ ಒಂದೇ ಬೇಸಿಗೆಯಲ್ಲಿ ಹೊಸ ಆಟಗಾರರನ್ನು ಕೊಂಡು ಗೆಲ್ಲಬಹುದಾದ್ದರಿಂದ, ಗೆಲ್ಲದಿದ್ದವರಿಗೆ ನೆಪಗಳೂ ಉಳಿದಿಲ್ಲ. 1-15ರ ಲೀಗ್ ಲೆಕ್ಕ ಹಿಡಿದು ಮೂರನೆಯ ವರ್ಷ ಕೇಳುವ ತರಬೇತುದಾರನಿಗೆ ಇಂದು ಬಾಗಿಲು ತೋರಿಸುತ್ತಾರೆ.

ಇನ್ನೊಂದು ಮಾತು. ಬೇಲರ್‌ನ ಪುನರುತ್ಥಾನ ಎಂದು ಹೇಳುವಾಗ ಕಟ್ಟಡ ಎದ್ದುದನ್ನಷ್ಟೇ ನೋಡಿ, ಬಿದ್ದಲ್ಲೇ ಉಳಿದವರನ್ನು ಬಿಟ್ಟುಬಿಡುವ ಅಭ್ಯಾಸವಿದೆ. ಸತ್ಯ ಹೊರತಂದ ಅಬಾರ್ ರೌಸ್ ಅವರಿಗೆ ದೊಡ್ಡ ಕಾಲೇಜುಗಳ ತರಬೇತಿ ವಲಯ ಬಾಗಿಲು ಮುಚ್ಚಿತು. ಮುಖ್ಯಸ್ಥನ ಮಾತನ್ನು ಗುಟ್ಟಾಗಿ ಮುದ್ರಿಸಿಕೊಂಡದ್ದು ದ್ರೋಹವೆಂದು ಆ ವಲಯದ ಹಿರಿಯರಲ್ಲೇ ಕೆಲವರು ಭಾವಿಸಿದರು. ಡೇವ್ ಬ್ಲಿಸ್ ಅವರಿಗೆ ಎನ್‌ಸಿಎಎ ಹತ್ತು ವರ್ಷಗಳ ನಿರ್ಬಂಧ ಹಾಕಿತು. ಅದು ಮುಗಿಯುತ್ತಿದ್ದಂತೆ, 2015ರಲ್ಲಿ, ಓಕ್ಲಹೋಮಾದ ಒಂದು ಸಣ್ಣ ಕ್ರೈಸ್ತ ವಿಶ್ವವಿದ್ಯಾಲಯ ಅವರನ್ನು ಮತ್ತೆ ಮುಖ್ಯ ತರಬೇತುದಾರರನ್ನಾಗಿ ನೇಮಿಸಿಕೊಂಡಿತು. 2017ರಲ್ಲಿ ಹಗರಣದ ಬಗ್ಗೆ ಸಾಕ್ಷ್ಯಚಿತ್ರ ಬಂದ ಮೇಲಷ್ಟೇ ಅವರು ಅಲ್ಲಿಂದ ಹೊರಬಂದರು. ಎರಡನೆಯ ಅವಕಾಶವನ್ನು ಈ ಕ್ರೀಡೆ ಯಾರಿಗೆ ಕೊಟ್ಟಿತು, ಯಾರಿಗೆ ಕೊಡಲಿಲ್ಲ ಎಂಬುದನ್ನು ಕೇಳುಗರೇ ತೂಗಿ ನೋಡಬಹುದು.

ಡ್ರೂ ಈಗಲೂ ಬೇಲರ್‌ನಲ್ಲೇ ಇದ್ದಾರೆ. 2024ರಲ್ಲಿ ಕೆಂಟಕಿಯಂಥ ಪ್ರತಿಷ್ಠಿತ ತಂಡದ ಹುದ್ದೆಗೆ ಅವರ ಹೆಸರು ಬಲವಾಗಿ ಕೇಳಿಬಂದಾಗಲೂ ಅವರು ಕದಲಲಿಲ್ಲ. 2024-25ರಲ್ಲಿ ವಿ. ಜೆ. ಎಜ್‌ಕೋಂಬ್‌ನಂಥ ಆಟಗಾರ ಒಂದೇ ವರ್ಷ ಆಡಿ ಎನ್‌ಬಿಎ ಆಯ್ಕೆಯಲ್ಲಿ ಮೂರನೆಯವನಾಗಿ ಹೊರಟ. ತಂಡ 20 ಗೆದ್ದು 15 ಸೋತು, ಟೂರ್ನಿಯ ಎರಡನೆಯ ಸುತ್ತಿನಲ್ಲಿ ಡ್ಯೂಕ್‌ಗೆ ಶರಣಾಯಿತು. ಹದಿನೆಂಟು ವರ್ಷಗಳಲ್ಲಿ ಒಂದು ತಂಡ ಕಟ್ಟಿದವರು ಈಗ ಪ್ರತಿ ಬೇಸಿಗೆಯಲ್ಲೂ ಹೆಚ್ಚುಕಡಿಮೆ ಹೊಸ ತಂಡವನ್ನೇ ಕಟ್ಟಬೇಕಾಗಿದೆ. ಅವರು ಅದರಲ್ಲೂ ಗೆಲ್ಲಬಹುದು. ಅವರ ಹಟ ನೋಡಿದರೆ ಇಲ್ಲ ಎನ್ನುವ ಧೈರ್ಯ ನನಗಿಲ್ಲ. ಆದರೆ 2003ರ ಡ್ರೂ ಅವರಂಥ, ಒಂದೇ ವರ್ಷದ ಅನುಭವವಿರುವ 32 ವರ್ಷದವರೊಬ್ಬರು ಇಂದು ಅಂಥದೇ ತಂಡವನ್ನು ವಹಿಸಿಕೊಳ್ಳುತ್ತೇನೆಂದು ನನ್ನ ಸಲಹೆ ಕೇಳಿದರೆ, ಆಟಗಾರರ ಪಟ್ಟಿಗಿಂತ ಮೊದಲು ಒಪ್ಪಂದದಲ್ಲಿ ಎಷ್ಟು ವರ್ಷ ಬರೆದಿದ್ದಾರೆ, ಎರಡನೆಯ ವರ್ಷವೇ ಹೊರಗೆ ಕಳಿಸಿದರೆ ಎಷ್ಟು ಪರಿಹಾರ ಕೊಡುತ್ತಾರೆ ಎಂಬುದನ್ನು ಓದಿಕೊಳ್ಳಿ ಎಂದೇ ಹೇಳುತ್ತೇನೆ.