ದುಡ್ಡು ಕೊಟ್ಟು ಮನೆಗೆ ಕಳಿಸಿದ್ದು ಯಾರನ್ನ?

35 ಮತ್ತು 25. ಬಿಎಸ್‌ಎನ್‌ಎಲ್‌ನಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿದ್ದರೆ ಈ ಎರಡು ಅಂಕಿ ಹೇಳಿ ನೋಡಿ, ಮುಂದಿನದನ್ನ ಅವರೇ ಹೇಳ್ತಾರೆ. ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ 35 ದಿನದ ಸಂಬಳ, ನಿವೃತ್ತಿಗೆ ಇನ್ನೂ ಬಾಕಿ ಇರುವ ಪ್ರತಿ ವರ್ಷಕ್ಕೆ 25 ದಿನದ ಸಂಬಳ. 2019ರ ವಿಆರ್‌ಎಸ್, ಅಂದ್ರೆ ಸ್ವಯಂ ನಿವೃತ್ತಿ ಯೋಜನೆಯ ಸೂತ್ರ ಇದು. ಗುಜರಾತ್ ಮಾದರಿ ಅಂತ ಕರೀತಾರೆ.

ನಮಸ್ಕಾರ. ಸರ್ಕಾರಿ ನೌಕರರ ಸಂಬಳದ ಹೊರೆ ಬಗ್ಗೆ ನಾವೆಲ್ಲ ಸುಲಭವಾಗಿ ಮಾತಾಡಿಬಿಡ್ತೀವಿ. ಜನ ಜಾಸ್ತಿ, ಕೆಲಸ ಕಡಿಮೆ, ದುಡ್ಡು ಕೊಟ್ಟು ಮನೆಗೆ ಕಳಿಸಿ, ಉಳಿತಾಯ ಆಗುತ್ತೆ ಅಂತ. ಈ ಮಾತನ್ನ ನಮ್ಮ ದೇಶದಲ್ಲಿ ನಿಜಕ್ಕೂ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದಾರೆ. ಅದು ಏನಾಯ್ತು ಅಂತ ನೋಡೋಣ.

2019ರ ಅಕ್ಟೋಬರ್ 23ಕ್ಕೆ ಕೇಂದ್ರ ಸಂಪುಟ ಬಿಎಸ್‌ಎನ್‌ಎಲ್ ಮತ್ತು ದೆಹಲಿ-ಮುಂಬೈನ ಸರ್ಕಾರಿ ಫೋನ್ ಕಂಪನಿ ಎಂಟಿಎನ್‌ಎಲ್‌ಗೆ ಸುಮಾರು 69 ಸಾವಿರ ಕೋಟಿಯ ಪ್ಯಾಕೇಜ್ ಒಪ್ಪಿತು. ಅದರಲ್ಲಿ ವಿಆರ್‌ಎಸ್ ಒಂದು ಭಾಗ, 4ಜಿ ತರಂಗಾಂತರ ಇನ್ನೊಂದು ಭಾಗ. 50 ವರ್ಷ ತುಂಬಿದ ಕಾಯಂ ನೌಕರರೆಲ್ಲ ಅರ್ಜಿ ಹಾಕಬಹುದಿತ್ತು. ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ ಅವಕಾಶ. ಬಿಎಸ್‌ಎನ್‌ಎಲ್‌ನ ಸುಮಾರು ಒಂದೂವರೆ ಲಕ್ಷ ಜನರಲ್ಲಿ 78 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಕೊಟ್ಟರು. 2020ರ ಜನವರಿ 31ರ ಸಂಜೆ ಅಷ್ಟೂ ಜನ ಒಟ್ಟಿಗೆ ಹೊರಗೆ ಬಂದರು. ಒಂದು ಸಂಸ್ಥೆಯ ಅರ್ಧ ಭಾಗ, ಒಂದೇ ದಿನ!

ಯಾಕೆ ಅಷ್ಟೊಂದು ಜನ? ಲೆಕ್ಕ ಹಾಕಿ. 56 ವರ್ಷದ ಒಬ್ಬರು, 30 ವರ್ಷ ಸರ್ವಿಸ್ ಆಗಿದೆ, ಇನ್ನು ನಾಲ್ಕು ವರ್ಷ ಬಾಕಿ. 30 ಗುಣಿಸು 35, ಅಂದ್ರೆ 1,050 ದಿನ. ನಾಲ್ಕು ಗುಣಿಸು 25, ನೂರು ದಿನ. ಗರಿಷ್ಠ ಮಿತಿಯ ಷರತ್ತುಗಳನ್ನ ಪಕ್ಕಕ್ಕಿಟ್ಟರೆ 1,150 ದಿನದ ಮೂಲ ವೇತನ ಮತ್ತು ಡಿಎ. ಮೂರು ವರ್ಷಕ್ಕೂ ಹೆಚ್ಚಿನ ಸಂಬಳ. ಮೇಲೆ ಪಿಂಚಣಿ ಕೂಡಲೇ ಶುರು. ಇದರ ಜೊತೆಗೆ 2019ರ ಫೆಬ್ರುವರಿಯಲ್ಲಿ ಸಂಬಳವೇ ಸರಿಯಾದ ಸಮಯಕ್ಕೆ ಬಂದಿರಲಿಲ್ಲ ಅನ್ನೋದನ್ನ ಸೇರಿಸಿ. ನಿವೃತ್ತಿ ವಯಸ್ಸನ್ನ 58ಕ್ಕೆ ಇಳಿಸ್ತಾರೆ, ದೂರದೂರಿಗೆ ವರ್ಗ ಮಾಡ್ತಾರೆ ಅಂತ ಹೆದರಿಸ್ತಿದ್ದಾರೆ ಅಂತ ನೌಕರ ಸಂಘಗಳು ಆಗಲೇ ದೂರಿದ್ದವು. ಹೆಸರಲ್ಲಿ ಸ್ವಯಂ ನಿವೃತ್ತಿ ಅಂತಿದ್ರೂ, ಮನೇಲಿ ಮಗಳ ಮದುವೆ, ಸಾಲದ ಕಂತು ಇಟ್ಟುಕೊಂಡು ಕೂತವನು ಇನ್ನೇನು ಮಾಡ್ತಾನೆ? ತಗೊಂಡವರನ್ನ ನಾನು ದೂರಲ್ಲ. ನಾನಾಗಿದ್ರೂ ತಗೋತಿದ್ದೆ.

ಸರ್ಕಾರದ ವಾದದಲ್ಲೂ ಹುರುಳಿತ್ತು, ಅದನ್ನ ಒಪ್ಪಲೇಬೇಕು. ಬಿಎಸ್‌ಎನ್‌ಎಲ್‌ಗೆ ಬರುತ್ತಿದ್ದ ನೂರು ರೂಪಾಯಿಯಲ್ಲಿ 75 ರೂಪಾಯಿ ಸಂಬಳಕ್ಕೇ ಹೋಗ್ತಿತ್ತು. ಖಾಸಗಿ ಕಂಪನಿಗಳಲ್ಲಿ ಅದು ಆರು ರೂಪಾಯಿ ಒಳಗೆ. ಹೀಗೆ ಯಾವ ಕಂಪನಿಯೂ ಬಹಳ ದಿನ ನಡೆಯಲ್ಲ.

ಆದರೆ ಆ 75 ಹೇಗೆ ಬಂತು? 2005-06ರಲ್ಲಿ ಇದೇ ಸಂಸ್ಥೆಯ ಆದಾಯ ಸುಮಾರು 40 ಸಾವಿರ ಕೋಟಿ, ಲಾಭ ಹತ್ತಿರ ಹತ್ತಿರ 9 ಸಾವಿರ ಕೋಟಿ. ಆಗ ನೌಕರರು ವಿಆರ್‌ಎಸ್‌ಗೆ ಮುಂಚೆ ಇದ್ದವರ ಸುಮಾರು ಎರಡು ಪಟ್ಟು ಇದ್ದರು. 2018-19ಕ್ಕೆ ಬಂದ್ರೆ ಜನ ನಿವೃತ್ತಿಯಾಗ್ತಾ ಅರ್ಧಕ್ಕಿಳಿದಿದ್ದಾರೆ, ಆದಾಯವೂ 20 ಸಾವಿರ ಕೋಟಿಗಿಂತ ಕೆಳಗೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ದರ ನೆಲಕ್ಕೆ ಬಿತ್ತು. ಎಲ್ಲರೂ 4ಜಿ ಮಾರುವಾಗ ಇವರ ಕೈಯಲ್ಲಿ 3ಜಿ. ಅಂದರೆ ಭಾಗಾಕಾರದಲ್ಲಿ ಕೆಳಗಿನ ಅಂಕಿ, ಆದಾಯ, ಕುಸಿದಿತ್ತು, ನಾವು ಮೇಲಿನ ಅಂಕಿ, ಸಂಬಳವನ್ನ ಮಾತ್ರ ಬೈತಾ ಕೂತ್ವಿ. 4ಜಿ ತರಂಗಾಂತರ ಕೊಡದೆ ಇದ್ದದ್ದು ಯಾವ ಲೈನ್‌ಮನ್ ತಪ್ಪು ಹೇಳಿ?

ಇನ್ನು ಉಳಿತಾಯ. ಬಿಎಸ್‌ಎನ್‌ಎಲ್ ಪುಸ್ತಕದಲ್ಲಿ ಸಂಬಳದ ಬಾಬ್ತು ಅರ್ಧದಷ್ಟು ಇಳೀತು, ನಿಜ. ಆದರೆ ಪರಿಹಾರಕ್ಕೆ ಸುಮಾರು 17 ಸಾವಿರ ಕೋಟಿ, ಪಿಂಚಣಿ, ಗ್ರಾಚ್ಯುಟಿ ಇತ್ಯಾದಿಗೆ ಇನ್ನೂ ಸುಮಾರು 13 ಸಾವಿರ ಕೋಟಿ. ಎರಡೂ ಕೇಂದ್ರ ಸರ್ಕಾರದ ಬೊಕ್ಕಸದಿಂದ. 60ಕ್ಕೆ ಶುರುವಾಗಬೇಕಿದ್ದ ಪಿಂಚಣಿ 52ಕ್ಕೆ, 54ಕ್ಕೆ ಶುರುವಾಯ್ತು. ಎಡ ಜೇಬಿನ ಖರ್ಚು ಬಲ ಜೇಬಿಗೆ ಹೋಯ್ತು, ಎಡ ಜೇಬನ್ನ ತೋರಿಸಿ ಉಳಿತಾಯ ಅಂದ್ರು. ನಿವ್ವಳ ಉಳಿತಾಯ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಜಾಹೀರಾತಿನಲ್ಲಿ ತೋರಿಸಿದಷ್ಟು ಇಲ್ಲ ಅಂತಿದ್ದೀನಿ.

ನನ್ನ ನಿಜವಾದ ತಕರಾರು ದುಡ್ಡಿನದಲ್ಲ. ಯಾರನ್ನ ಕಳಿಸಬೇಕು ಅಂತ ಆರಿಸಿದ ರೀತಿಯದು. ಕೇಳಿದ್ದು ಒಂದೇ ಪ್ರಶ್ನೆ: ನಿಮಗೆ 50 ಆಯ್ತಾ? ನೀವು ಏನು ಕೆಲಸ ಮಾಡ್ತೀರಿ ಅಂತ ಯಾರೂ ಕೇಳಲಿಲ್ಲ.

ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ಒಳಗೆ ಹೋಗಿ ನೋಡಿದವರಿಗೆ ಎಂಡಿಎಫ್ ಗೊತ್ತಿರುತ್ತೆ. ಗೋಡೆಯುದ್ದಕ್ಕೂ ಕಬ್ಬಿಣದ ಚೌಕಟ್ಟು, ಅದರ ಮೇಲೆ ಸಾವಿರಾರು ಸಣ್ಣ ತಂತಿ. ಊರಿನ ಪ್ರತಿ ಫೋನಿನ ಜೋಡಿ ತಂತಿ ಅಲ್ಲಿಗೆ ಬಂದು ಸೇರುತ್ತೆ. ಅಲ್ಲಿಂದ ನೆಲದ ಕೆಳಗಿನ ಕೇಬಲ್, ರಸ್ತೆ ಬದಿಯ ಪಿಲ್ಲರ್, ಕಂಬದ ಮೇಲಿನ ಡಿಪಿ ಬಾಕ್ಸ್, ಆಮೇಲೆ ನಿಮ್ಮ ಮನೆ. ಕೇಬಲ್ ಸೀಳಿದರೆ ಒಳಗೆ ಜೆಲ್ಲಿ, ಆ ಅಂಟಿನೊಳಗೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಬಣ್ಣದ ಜೋಡಿಗಳು. ಬಣ್ಣ ನೋಡಿ ಎಣಿಸಿ ಒಂದೊಂದನ್ನೇ ಕೂಡಿಸಬೇಕು. ರಿಜಿಸ್ಟರ್‌ನಲ್ಲಿ ಎಲ್ಲ ಬರೆದಿರಬೇಕು ಅನ್ನೋದು ನಿಯಮ. ಆದರೆ ಜೆಸಿಬಿ ಎಲ್ಲಿ ಕೇಬಲ್ ಕಿತ್ತಿತ್ತು, ಮಳೆಗಾಲದಲ್ಲಿ ಯಾವ ಜಾಯಿಂಟಿಗೆ ನೀರು ನುಗ್ಗುತ್ತೆ, ಯಾವ ಜೋಡಿ ಕೆಟ್ಟಾಗ ಯಾವ ಖಾಲಿ ಜೋಡಿಗೆ ಬದಲಿಸಿದ್ರು, ಇದೆಲ್ಲ 30 ವರ್ಷ ಅದೇ ಏರಿಯಾದಲ್ಲಿ ತಿರುಗಿದವನ ತಲೇಲಿರುತ್ತೆ. ಅವನು ಆ ಶುಕ್ರವಾರ ಸಂಜೆ ಮನೆಗೆ ಹೋದ. ತಲೇಲಿದ್ದದ್ದನ್ನ ಬರೆಸಿಕೊಳ್ಳೋಕೆ ಇದ್ದದ್ದು ಎರಡು ತಿಂಗಳು.

ಎರಡು ತಿಂಗಳೊಳಗೆ ಲಾಕ್‌ಡೌನ್ ಬಂತು. ಸುಳ್ಯ, ಶಿರಸಿ, ಹೊಸನಗರದ ಕಡೆಯವರಿಗೆ ಹೇಳಬೇಕಾಗಿಲ್ಲ. ಆನ್‌ಲೈನ್ ಕ್ಲಾಸಿಗೆ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ ಮಳೆಗಾಲ ಅದು. ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ನೆಟ್‌ವರ್ಕ್ ಇರಲಿಲ್ಲ. ಎಲ್ಲ ತೊಂದರೆಗೂ ವಿಆರ್‌ಎಸ್ ಕಾರಣ ಅಂದ್ರೆ ಸುಳ್ಳಾಗುತ್ತೆ. ಕರೆಂಟ್ ಹೋದ್ರೆ ಟವರ್‌ಗೆ ಡೀಸೆಲ್ ಇರ್ತಿರಲಿಲ್ಲ, ಬ್ಯಾಟರಿ ಸತ್ತಿರ್ತಿತ್ತು. ಆದರೆ ದೂರು ಕೊಟ್ಟರೆ ಬರೋ ಮನುಷ್ಯನೂ ಇರಲಿಲ್ಲ.

ಆಮೇಲೆ ಬಂದ. ಗುತ್ತಿಗೆಯವನಾಗಿ ಬಂದ. ಲ್ಯಾಂಡ್‌ಲೈನ್ ನಿರ್ವಹಣೆಯನ್ನ ಕ್ಲಸ್ಟರ್ ಅಂತ ಮಾಡಿ ಟೆಂಡರ್ ಕರೆದರು. ಫೈಬರ್ ಸಂಪರ್ಕವನ್ನ ಊರಿನ ಕೇಬಲ್ ಆಪರೇಟರ್‌ಗಳಿಗೆ ಆದಾಯದಲ್ಲಿ ಪಾಲು ಅಂತ ಕೊಟ್ಟರು. ಆ ಹುಡುಗರು ಚೆನ್ನಾಗೇ ಕೆಲಸ ಮಾಡ್ತಾರೆ, ಕೆಲವು ಕಡೆ ಹಳಬರಿಗಿಂತ ಚುರುಕು. ಆದರೆ ಅವರಿಗೆ ಕೊಡೋ ದುಡ್ಡು ಸಂಬಳದ ಬಾಬ್ತಿನಲ್ಲಿ ಕಾಣಲ್ಲ.

ಈಗ ಪ್ಯಾಕೇಜಿನ ಇನ್ನೊಂದು ಭಾಗ ನೋಡಿ. ಜನರನ್ನ ಕಳಿಸೋ ಕೆಲಸ ಮೂರು ತಿಂಗಳಲ್ಲಿ ಮುಗೀತು. 4ಜಿ? 2020ರಲ್ಲಿ ಕರೆದ ಟೆಂಡರ್ ಅದೇ ವರ್ಷ ರದ್ದಾಯ್ತು, ಚೀನಾ ಉಪಕರಣದ ಗಲಾಟೆಯಲ್ಲಿ. ಆಮೇಲೆ ಸ್ವದೇಶಿ ಉಪಕರಣ ಅಂತ ನಿರ್ಧಾರವಾಯ್ತು. ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಅದರಲ್ಲಿದೆ, ಅದು ಹೆಮ್ಮೆಯ ವಿಷಯವೇ. ದೇಶಾದ್ಯಂತ ಉದ್ಘಾಟನೆಯಾಗಿದ್ದು 2025ರ ಸೆಪ್ಟೆಂಬರ್ 27ಕ್ಕೆ. ಸುಮಾರು ಆರು ವರ್ಷ. ನಡುವೆ 2022ರಲ್ಲಿ 1.64 ಲಕ್ಷ ಕೋಟಿ, 2023ರಲ್ಲಿ 89 ಸಾವಿರ ಕೋಟಿ ಚಿಲ್ಲರೆ, ಇನ್ನೆರಡು ಪ್ಯಾಕೇಜ್ ಬೇಕಾದವು. 2024-25ರ ಕೊನೆಯ ಎರಡು ತ್ರೈಮಾಸಿಕದಲ್ಲಿ ಲಾಭ ತೋರಿಸಿದ್ರು, ಸಂತೋಷ. ಅದಕ್ಕೆ ಸಂಬಳ ಇಳಿದದ್ದೂ ಒಂದು ಕಾರಣ, ಒಪ್ತೀನಿ.

ಇದು ಬಿಎಸ್‌ಎನ್‌ಎಲ್ ಕಥೆ ಮಾತ್ರ ಅಂದ್ಕೋಬೇಡಿ. ನಮ್ಮ ರಾಜ್ಯ ಸರ್ಕಾರ ವಿಆರ್‌ಎಸ್ ದುಡ್ಡೂ ಕೊಡದೆ ಇದೇ ಕೆಲಸ ಮಾಡ್ತಿದೆ. ಮಂಜೂರಾದ ಹುದ್ದೆ ಏಳೂವರೆ ಲಕ್ಷಕ್ಕೂ ಹೆಚ್ಚು, ಅದರಲ್ಲಿ ಖಾಲಿ ಎರಡೂವರೆ ಲಕ್ಷಕ್ಕೂ ಹೆಚ್ಚು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದಾಗ ವರ್ಷಕ್ಕೆ 20 ಸಾವಿರ ಕೋಟಿ ಹೆಚ್ಚುವರಿ ಹೊರೆ ಅಂತ ಎಲ್ಲರೂ ಚರ್ಚೆ ಮಾಡಿದ್ವಿ. ಖಾಲಿ ಕುರ್ಚಿಯ ಕೆಲಸವನ್ನ ಅತಿಥಿ ಶಿಕ್ಷಕರು, ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್‌ಗಳು ಮಾಡ್ತಿರೋದರ ಬಗ್ಗೆ ಅಷ್ಟು ಚರ್ಚೆ ಆಗಲ್ಲ.

2024ರ ಕೊನೆಗೆ ಬಿಎಸ್‌ಎನ್‌ಎಲ್‌ನಲ್ಲಿ ಎರಡನೇ ವಿಆರ್‌ಎಸ್ ಬಗ್ಗೆ ಪತ್ರಿಕೆಗಳಲ್ಲಿ ವರದಿ ಬಂದಿತ್ತು. ಎಲ್ಲಾದರೂ ಸರಿ, ಯಾವ ಇಲಾಖೆಯಾದರೂ ಸರಿ, ಮುಂದಿನ ಸಲ ಅರ್ಜಿ ನಮೂನೆಯಲ್ಲಿ ವಯಸ್ಸಿನ ಕಾಲಂ ಪಕ್ಕ ಇನ್ನೊಂದು ಕಾಲಂ ಇರಲಿ: ಈ ಹುದ್ದೆ ರದ್ದಾಗುತ್ತಾ, ಇಲ್ಲ ಅಂದ್ರೆ ಈ ಕೆಲಸ ನಾಳೆಯಿಂದ ಯಾರದು, ಅವರಿಗೆ ಯಾವ ಬಾಬ್ತಿನಿಂದ ದುಡ್ಡು? ಅದನ್ನ ತುಂಬದೆ ಅರ್ಜಿ ಮಂಜೂರು ಮಾಡಬಾರದು.

2020ರಲ್ಲಿ ವಿಆರ್‌ಎಸ್ ತಗೊಂಡವರು ಈ ವಿಡಿಯೋ ನೋಡ್ತಿದ್ರೆ, ಕಾಮೆಂಟ್‌ನಲ್ಲಿ ಬರೀರಿ. ನಿಮ್ಮ ಸೀಟಿಗೆ ಆಮೇಲೆ ಯಾರು ಬಂದ್ರು?