ಸಿಡಿ4 ಏರಿದಾಗ ಮರಳುವುದೇನು?

ಮಾನ್ಯರೇ,

ಎಚ್‌ಐವಿ ಹತೋಟಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವ ಒಬ್ಬರ ಪುಸ್ತಕದ ಒಂದು ಪುಟವನ್ನು ಕಣ್ಮುಂದೆ ತಂದುಕೊಳ್ಳಿ. ಮಾತ್ರೆ ಶುರುವಾದ ದಿನ ಸಿಡಿ4 (ಎಚ್‌ಐವಿ ನಾಶಮಾಡುವ, ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ 86, ಆರು ತಿಂಗಳಿಗೆ 172, ವರ್ಷಕ್ಕೆ 210, ಎರಡು ವರ್ಷಕ್ಕೆ 255. ಈ ಪುಟ ಹಿಡಿದು ವೈದ್ಯರ ಮುಂದೆ ಕೂತವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ವೈರಸ್ ಕಾಣ್ತಾ ಇಲ್ಲ ಅಂತೀರಿ, ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ, ಮತ್ಯಾಕೆ ಸಾರ್ ಕೌಂಟ್ ಮೇಲಕ್ಕೆ ಹೋಗ್ತಿಲ್ಲ?’ ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಗಬೇಕಾದರೆ ಆ ಸಂಖ್ಯೆ ಯಾವುದರ ಲೆಕ್ಕ ಎಂಬುದನ್ನು ಮೊದಲು ತಿಳಿಯಬೇಕು.

ಆರೋಗ್ಯವಂತ ವಯಸ್ಕರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500ರಿಂದ 1500 ಸಿಡಿ4 ಕಣಗಳಿರುತ್ತವೆ. ಅವು 200ಕ್ಕಿಂತ ಕೆಳಗಿಳಿದಾಗ, ಗಟ್ಟಿಮುಟ್ಟಾದವರ ಹತ್ತಿರವೂ ಸುಳಿಯದ ನ್ಯುಮೋಸಿಸ್ಟಿಸ್ ನ್ಯುಮೋನಿಯಾದಂಥ ಸೋಂಕುಗಳು ತಲೆಯೆತ್ತುತ್ತವೆ. ಆದರೆ ದೇಹದ ಒಟ್ಟು ಲಿಂಫೋಸೈಟ್‌ಗಳಲ್ಲಿ (ಸಿಡಿ4 ಕಣಗಳೂ ಸೇರಿರುವ ಬಿಳಿ ರಕ್ತಕಣಗಳ ಗುಂಪು) ರಕ್ತದಲ್ಲಿ ಓಡಾಡುವುದು ಶೇ. 2ರಷ್ಟು ಮಾತ್ರ, ಉಳಿದವೆಲ್ಲ ದುಗ್ಧಗ್ರಂಥಿಗಳಲ್ಲಿ, ಗುಲ್ಮದಲ್ಲಿ, ಕರುಳಿನ ಗೋಡೆಯಲ್ಲಿ ನೆಲೆಸಿರುತ್ತವೆ. ಸಂತೆಗೆ ಬಂದವರ ತಲೆ ಎಣಿಸಿ ಊರಿನ ಜನಸಂಖ್ಯೆ ಹೇಳುವಂಥ ಲೆಕ್ಕ ಇದು. ಬೆಳಿಗ್ಗೆಗೂ ಸಂಜೆಗೂ ಅದು ಬದಲಾಗುತ್ತದೆ, ನಡುವೆ ಒಂದು ಜ್ವರ ಬಂದುಹೋದರೂ ಇಳಿಯುತ್ತದೆ. ಆದ್ದರಿಂದ 210 ಇದ್ದದ್ದು 195 ಆಯಿತೆಂದು ನಿದ್ದೆಗೆಡಬೇಕಾಗಿಲ್ಲ.

ಮಾತ್ರೆ ಶುರುವಾದ ಮೊದಲ ಮೂರು-ನಾಲ್ಕು ತಿಂಗಳಲ್ಲಿ ಎಣಿಕೆ ಸರಸರನೆ ಏರುವುದು ಇದೇ ಕಾರಣಕ್ಕೆ. ವೈರಸ್ಸಿನ ಹಾವಳಿಯಿಂದ ಉರಿಯೂತಗೊಂಡ ದುಗ್ಧಗ್ರಂಥಿಗಳಲ್ಲಿ ಸಿಕ್ಕಿಬಿದ್ದಿದ್ದ ಹಳೆಯ ಕಣಗಳು, ಹಾವಳಿ ತಗ್ಗಿದೊಡನೆ ರಕ್ತಕ್ಕೆ ಮರಳುತ್ತವೆ. ಮನೆಯೊಳಗೆ ಉಳಿದಿದ್ದವರು ಮತ್ತೆ ಸಂತೆಗೆ ಬಂದರು, ಅಷ್ಟೇ. ಊರಿನಲ್ಲಿ ಹೊಸದಾಗಿ ಹುಟ್ಟಿದವರು ಇನ್ನೂ ಕಡಿಮೆ.

ಹೊಸ ಕಣಗಳು ಹುಟ್ಟಿ ಬರುವ ಹಂತ ಇದರ ನಂತರದ್ದು, ನಿಧಾನದ್ದು. ಸಿಡಿ4 ಸೇರಿದಂತೆ ಟಿ ಕಣಗಳೆಂಬ ಬಿಳಿ ರಕ್ತಕಣಗಳು ಪಕ್ವವಾಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ವಯಸ್ಸಾದಂತೆ ಅದು ಕುಗ್ಗುತ್ತ ಹೋಗುವುದರಿಂದ, ಇಪ್ಪತ್ತೈದಕ್ಕೆ ಮಾತ್ರೆ ಶುರುಮಾಡಿದವರಿಗೂ ಐವತ್ತೈದಕ್ಕೆ ಶುರುಮಾಡಿದವರಿಗೂ ಚೇತರಿಕೆಯ ವೇಗ ಒಂದೇ ಆಗಿರುವುದಿಲ್ಲ. ಇದರ ಜೊತೆಗೆ, ವರ್ಷಗಟ್ಟಲೆ ಉರಿಯೂತಕ್ಕೆ ಸಿಕ್ಕ ದುಗ್ಧಗ್ರಂಥಿಗಳ ಒಳಗೆ ಗಾಯದ ಕಲೆಯಂಥ ನಾರು ಬೆಳೆದು, ಹೊಸ ಕಣಗಳು ತಂಗಿ ಬಾಳುವ ಜಾಗವೇ ಕಿರಿದಾಗಿರುತ್ತದೆ. ಕರುಳಿನ ಗೋಡೆಯ ಸ್ಥಿತಿ ಇನ್ನೂ ಕಷ್ಟದ್ದು: ಸೋಂಕು ತಗುಲಿದ ಮೊದಲ ಕೆಲವೇ ವಾರಗಳಲ್ಲಿ ಅಲ್ಲಿನ ಸಿಡಿ4 ಕಣಗಳ ಬಹುಪಾಲು ನಾಶವಾಗಿರುತ್ತದೆ, ರಕ್ತದ ಎಣಿಕೆ ಸುಧಾರಿಸಿದ ಮೇಲೂ ಅಲ್ಲಿ ಅವು ಪೂರ್ತಿ ತುಂಬಿಬರುವುದಿಲ್ಲ. ಆ ಗೋಡೆಯ ಮೂಲಕ ಬ್ಯಾಕ್ಟೀರಿಯಾಗಳ ಅಂಶಗಳು ರಕ್ತಕ್ಕೆ ಜಿನುಗುತ್ತಿರುವುದರಿಂದ, ವೈರಸ್ ಅಡಗಿದ್ದರೂ ಮೈಯೊಳಗೆ ಸಣ್ಣ ಉರಿಯೂತ ಆರದೆ ಉಳಿಯುತ್ತದೆ. ಎಚ್‌ಐವಿ ಇರುವವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣ.

ರೈತ ಕುಟುಂಬದವರಿಗೆ ಇದನ್ನು ಬೀಜದ ಮಾತಿನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಮನೆಯಲ್ಲಿದ್ದ ಹತ್ತು ತಳಿಯ ರಾಗಿಯಲ್ಲಿ ಏಳು ಬರಗಾಲದಲ್ಲಿ ಹೋದವು ಎಂದುಕೊಳ್ಳಿ. ಉಳಿದ ಮೂರನ್ನೇ ಬಿತ್ತಿದರೂ ಹೊಲ ಹಸಿರಾಗುತ್ತದೆ, ಹೋದ ಏಳು ತಳಿ ಮಾತ್ರ ಬರುವುದಿಲ್ಲ. ಪ್ರತಿಯೊಂದು ಸಿಡಿ4 ಕಣವೂ ಒಂದೊಂದು ರೋಗಾಣುವಿನ ಗುರುತು ಹಿಡಿಯಲು ತಯಾರಾದದ್ದು. ಎಣಿಕೆ ತೀರ ಕೆಳಗಿಳಿದಾಗ ಕೆಲವು ಗುರುತುಗಳೇ ಅಳಿಸಿಹೋಗಿರುತ್ತವೆ. ಥೈಮಸ್ ಹೊಸ ತಳಿ ಕೊಡುವವರೆಗೆ ಆ ಕಂದಕ ತುಂಬುವುದಿಲ್ಲ. ಎಣಿಕೆ ಎಲ್ಲಿಂದ ಏರಲು ಶುರುವಾಯಿತು ಎಂಬುದಕ್ಕೆ ವೈದ್ಯರು ಇಷ್ಟು ಬೆಲೆ ಕೊಡುವುದು ಅದಕ್ಕಾಗಿಯೇ. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದಾಗ, ಬೇರೆ ತೊಂದರೆ ಕಾಣದವರು ಎಣಿಕೆ 200ರ ಕೆಳಗಿಳಿಯುವವರೆಗೆ ಕಾಯಬೇಕಿತ್ತು. ಸೋಂಕು ಪತ್ತೆಯಾದ ಎಲ್ಲರಿಗೂ ಎಣಿಕೆ ನೋಡದೆ ಮಾತ್ರೆ ಕೊಡುವ ನೀತಿ ಬಂದದ್ದು 2017ರಲ್ಲಿ. ಆ ಹದಿಮೂರು ವರ್ಷಗಳ ಕಾಯುವಿಕೆಯ ಗುರುತು ಇಂದಿಗೂ ಹಲವರ ಪುಸ್ತಕದ ಮೊದಲ ಸಾಲಿನಲ್ಲಿದೆ.

ಇನ್ನು, ಚೇತರಿಕೆಯೇ ಕಾಯಿಲೆಯ ವೇಷದಲ್ಲಿ ಬರುವ ಸಂದರ್ಭ. ಮಾತ್ರೆ ಶುರುವಾಗಿ ಮೂರನೆಯ ವಾರ. ಹಸಿವು ಮರಳಿದೆ, ತೂಕ ಒಂದು ಕಿಲೋ ಏರಿದೆ. ಅಷ್ಟರಲ್ಲಿ ಜ್ವರ ಬಂದು, ಕುತ್ತಿಗೆಯ ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಎದ್ದು, ಮುಟ್ಟಿದರೆ ನೋಯುತ್ತದೆ. ಮನೆಯವರು ‘ಈ ಮಾತ್ರೆ ಮೈಗೆ ಒಗ್ಗಲಿಲ್ಲ’ ಎಂದು ತೀರ್ಮಾನಿಸುತ್ತಾರೆ, ಮಾತ್ರೆ ಡಬ್ಬಿ ಅಟ್ಟಕ್ಕೆ ಹೋಗುತ್ತದೆ. ನಡೆದದ್ದು ಅದರ ತದ್ವಿರುದ್ಧ. ಮೈಯಲ್ಲಿ ಸದ್ದಿಲ್ಲದೆ ಅವಿತಿದ್ದ ಕ್ಷಯದ ರೋಗಾಣುವನ್ನು, ಎಚ್ಚೆತ್ತ ನಿರೋಧಕ ವ್ಯವಸ್ಥೆ ಈಗ ಗುರುತು ಹಿಡಿದು ಮೇಲೆರಗಿದೆ. ಊತ, ಜ್ವರ, ನೋವು ಆ ಜಗಳದ ಫಲ. ಐರಿಸ್ ಎಂದು ವೈದ್ಯರು ಕರೆಯುವ ಈ ಸ್ಥಿತಿ ಹೆಚ್ಚಾಗಿ ಕಾಡುವುದು ತೀರ ಕಡಿಮೆ ಎಣಿಕೆಯಲ್ಲಿ ಮಾತ್ರೆ ಶುರುಮಾಡಿದವರನ್ನು. ಸಾಮಾನ್ಯವಾಗಿ ಎಆರ್‌ಟಿ ನಿಲ್ಲಿಸದೆಯೇ ಕ್ಷಯಕ್ಕೆ ಚಿಕಿತ್ಸೆ ಕೊಟ್ಟು, ಬೇಕಾದಲ್ಲಿ ಸ್ಟಿರಾಯ್ಡ್‌ನಿಂದ ಊತ ಇಳಿಸುತ್ತಾರೆ. ಮಿದುಳಿನ ಪೊರೆಗೆ ಕ್ಷಯ ಅಥವಾ ಕ್ರಿಪ್ಟೋಕಾಕಸ್ ಶಿಲೀಂಧ್ರ ತಗುಲಿದ್ದರೆ ಮಾತ್ರ ಎಆರ್‌ಟಿಯನ್ನು ಬೇಕೆಂದೇ ಕೆಲವು ವಾರ ತಡಮಾಡುತ್ತಾರೆ, ಏಕೆಂದರೆ ತಲೆಬುರುಡೆಯೊಳಗೆ ಊತಕ್ಕೆ ಜಾಗವಿಲ್ಲ. ಮಾತ್ರೆ ಕೊಡುವ ದಿನವೇ ಆಪ್ತಸಮಾಲೋಚಕರು ಈ ವಿಷಯವನ್ನು ಎರಡು ನಿಮಿಷ ಬಿಡಿಸಿ ಹೇಳಿದರೆ ಎಷ್ಟೋ ಡಬ್ಬಿಗಳು ಅಟ್ಟ ಸೇರುವುದಿಲ್ಲ ಎಂಬುದು ನನ್ನ ನಂಬಿಕೆ.

ಎಣಿಕೆಯನ್ನೇ ನೇರವಾಗಿ ಏರಿಸಬಹುದಲ್ಲವೇ ಎಂಬ ಯೋಚನೆ ವಿಜ್ಞಾನಿಗಳಿಗೂ ಬಂದಿತ್ತು. ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನನ್ನು ಚುಚ್ಚುಮದ್ದಾಗಿ ಕೊಟ್ಟ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎಣಿಕೆ ಏರಿದ್ದು ನಿಜ. ಆದರೆ ಕಾಯಿಲೆಯಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಕೋಟಿಗಟ್ಟಲೆ ಖರ್ಚಿನ ಪ್ರಯೋಗದಲ್ಲೇ ಹೀಗಾದ ಮೇಲೆ, ‘ಸಿಡಿ4 ಏರಿಸುವ ಪುಡಿ’ ಎಂದು ಡಬ್ಬಿಯಲ್ಲಿ ಮಾರುವವರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಏರಿದ ಮೇಲೆ ಮಾತ್ರೆಗೆ ಬಿಡುವು ಕೊಡಬಹುದೇ ಎಂಬುದನ್ನೂ 5,000ಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದ್ದಾರೆ. 2006ರಲ್ಲಿ ಪ್ರಕಟವಾದ ಸ್ಮಾರ್ಟ್ ಎಂಬ ಆ ಅಧ್ಯಯನದಲ್ಲಿ ಬಿಡುವು ಕೊಟ್ಟವರ ಗುಂಪಿನಲ್ಲಿ ಸೋಂಕು ಮತ್ತು ಸಾವು ಎರಡು ಪಟ್ಟಿಗಿಂತ ಹೆಚ್ಚು ಕಂಡುಬಂದವು.

ಹಾಗಾದರೆ 255ಕ್ಕೆ ನಿಂತ ಪುಟದವರಿಗೆ ಏನು ಹೇಳುವುದು? ನಾನಾದರೆ ಬೆರಳನ್ನು ಮೊದಲು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಬರೆದಿರುವ ಜಾಗಕ್ಕೆ ಒಯ್ಯುತ್ತೇನೆ. ಅಲ್ಲಿ ವೈರಸ್ ಕಾಣುತ್ತಿಲ್ಲ ಎಂದಿದ್ದರೆ ಮಾತ್ರೆ ತನ್ನ ಕೆಲಸ ಮಾಡುತ್ತಿದೆ, ಅದನ್ನು ಬದಲಿಸಿದ ಮಾತ್ರಕ್ಕೆ ಎಣಿಕೆ ಏರುವುದಿಲ್ಲ. 86ರಿಂದ ಹೊರಟವರು 255ಕ್ಕೆ ಬಂದಿರುವುದರಿಂದ ಅತಿ ಅಪಾಯದ ಗೆರೆಯನ್ನು ಆಗಲೇ ದಾಟಿದ್ದಾರೆ. ಮುಂದಿನ ಏರಿಕೆ ವರ್ಷಗಳ ಮಾತು. ಅಲ್ಲಿಯವರೆಗೆ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಕಂಡರೆ ಕ್ಷಯದ ಪರೀಕ್ಷೆ ತಡವಾಗಬಾರದು. ನ್ಯುಮೋಸಿಸ್ಟಿಸ್‌ನಂಥ ಸೋಂಕು ತಡೆಯಲು ಕೊಡುವ ಕೊಟ್ರೈಮಾಕ್ಸಜೋಲ್ ಮಾತ್ರೆಯನ್ನೂ ಸದ್ಯಕ್ಕೆ ಬಿಡುವಂತಿಲ್ಲ. ಎಣಿಕೆ 350 ದಾಟಿ, ಆರು ತಿಂಗಳ ನಂತರದ ಪರೀಕ್ಷೆಯಲ್ಲೂ ಅಲ್ಲೇ ನಿಂತ ಮೇಲೆ ಅದನ್ನು ವೈದ್ಯರೇ ನಿಲ್ಲಿಸುತ್ತಾರೆ.