ಫಿಯೆಟ್ ಹೋದ ದಾರಿ: ಹುಬ್ಬಳ್ಳಿಯಿಂದ ಕೆಜಿಎಫ್‌ಗೆ

ನಮಸ್ಕಾರ ಎಲ್ಲರಿಗೂ. ಈ ವಿಡಿಯೋ ಒಂದು ಹಳೇ ಫಿಯೆಟ್ ಕಾರಿನ ಪ್ರಯಾಣದ್ದು. ಹುಬ್ಬಳ್ಳಿಯಿಂದ ಕೆಜಿಎಫ್‌ಗೆ ಹೋಗಬೇಕು ಅಂದರೆ ಮ್ಯಾಪ್ ಏನು ತೋರಿಸುತ್ತದೆ? ಹೈವೇ ಹಿಡಿದು ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೋಲಾರ. ನಾವು ತುಮಕೂರಿನವರೆಗೆ ಮಾತ್ರ ಆ ಮಾತು ಕೇಳಿದೆವು. ಅಲ್ಲಿಂದ ಎಡಕ್ಕೆ ತಿರುಗಿ ಕೊರಟಗೆರೆ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ ಮೇಲೆ ಕೋಲಾರ ಸೇರಿದೆವು.

ಇದೇ ನೋಡಿ ಆ ಗಾಡಿ. 1968ರ ಫಿಯೆಟ್ 1100 ಡಿಲೈಟ್. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಮಾಡಿದ್ದು. ಆಮೇಲೆ ಪದ್ಮಿನಿ ಅಂತ ಬಂತಲ್ಲ, ಅದರ ಅಕ್ಕ ಅಂದುಕೊಳ್ಳಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಓಡಿಸುತ್ತಿರುವವರು ಕಾಕಾ. ಇರುವುದು ಹುಬ್ಬಳ್ಳಿಯಲ್ಲಿ, ಬೆಳೆದದ್ದು ಕೆಜಿಎಫ್‌ನಲ್ಲಿ. ಅವರ ತಂದೆ ಗಣಿಯ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುತ್ತಿದ್ದರು, ಗಾಡಿ ಕೊಂಡದ್ದೂ ಅಲ್ಲೇ. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅದಕ್ಕೂ ಎಷ್ಟೋ ಮೊದಲೇ ಈ ಮನೆಯವರು ಗಾಡಿ ಸಮೇತ ಹುಬ್ಬಳ್ಳಿ ಸೇರಿದ್ದರು. ಗಾಡಿಯನ್ನು ಒಮ್ಮೆ ಅದರ ಊರಿಗೆ ಕರೆದುಕೊಂಡು ಹೋಗಬೇಕು ಅನ್ನುವುದು ಕಾಕಾ ಆಸೆ. ಲಾರಿ ಮೇಲೆ ಹೇರಿಕೊಂಡು ಅಲ್ಲ, ಓಡಿಸಿಕೊಂಡು.

ಬೆಂಗಳೂರು ಯಾಕೆ ಬೇಡ? ಈ ಗಾಡಿಯ ಫ್ಯಾನ್ ತಿರುಗುವುದು ಎಂಜಿನ್‌ನ ಬೆಲ್ಟ್‌ನಿಂದ. ಟ್ರಾಫಿಕ್‌ನಲ್ಲಿ ನಿಂತರೆ ಎಂಜಿನ್ ನಿಧಾನ, ಫ್ಯಾನೂ ನಿಧಾನ. ರೇಡಿಯೇಟರ್ ಕುದಿಯಲು ಜಾಸ್ತಿ ಹೊತ್ತು ಬೇಕಿಲ್ಲ. ಆದರೆ ನಿಜವಾದ ಕಾರಣ ಬೇರೆ. ನಾವು ಆರಿಸಿಕೊಂಡ ದಾರಿಯಲ್ಲಿ ಊರಿಗೊಬ್ಬರಂತೆ ನಮ್ಮವರಿದ್ದಾರೆ. ಹಳೇ ಗಾಡಿ ಇಟ್ಟುಕೊಂಡವರು, ಅದರ ಸಾಮಾನು ಅಟ್ಟದ ಮೇಲೆ ಜೋಪಾನ ಮಾಡಿದವರು. ಮುಂಬೈನಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ಓಡುತ್ತಿದ್ದಷ್ಟು ದಿನ ಇದರ ಸಾಮಾನಿಗೆ ಅಂಗಡಿಗಳಲ್ಲಿ ಗಿರಾಕಿ ಇತ್ತು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ನಿಂತಿತು. ಈಗ ಸಾಮಾನು ಬೇಕು ಅಂದರೆ ಅಂಗಡಿಗಿಂತ ಮೊದಲು ನೆನಪಾಗುವುದು ಮನೆಗಳು. ಹಾಗಾಗಿ ದಾರಿ ಗೊತ್ತು ಮಾಡುವಾಗ ನಾನು ಕೈಗೆ ತೆಗೆದುಕೊಂಡದ್ದು ಮ್ಯಾಪ್ ಅಲ್ಲ, ಫೋನ್ ನಂಬರ್ ಬರೆದ ಪುಸ್ತಕ.

ಕಾಕಾ ತುಮಕೂರಿನ ನಮ್ಮ ಮನೆಯಲ್ಲೇ ಉಳಿದಿದ್ದರು. ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು, ವಾಪಸ್ ಬಂದು ಕೊರಟಗೆರೆ ರಸ್ತೆ ಹಿಡಿದೆವು. ಕೊರಟಗೆರೆ ದಾಟುವವರೆಗೂ ಗಾಡಿ ಹಾಯಾಗಿ ಓಡಿತು. ಹೊಳವನಹಳ್ಳಿ ಕಡೆ ಹೋಗುವಾಗ ಶುರುವಾಯಿತು. ಈ ಶಬ್ದ ಕೇಳಿಸಿಕೊಳ್ಳಿ. ಟಪ್ ಅಂತ ಒಂದು ಸದ್ದು, ಒಂದು ಜರ್ಕ್, ಮತ್ತೆ ಟಪ್.

"ಯಾಕೋ ಗಾಡಿ ಜಗ್ಗವಲ್ದು ನೋಡಪಾ," ಅಂದರು ಕಾಕಾ. ಅಷ್ಟರಲ್ಲಿ ನಿಂತೇಹೋಯಿತು.

ಪ್ಲಗ್ ಬಿಚ್ಚಿ ನೋಡಿದೆವು. ಕಿಡಿ ನೀಲಿಯಾಗಿ, ಗಟ್ಟಿಯಾಗಿ ಬರುತ್ತಿತ್ತು. ಅಂದಮೇಲೆ ಕರೆಂಟ್ ಸರಿ ಇದೆ, ಪೆಟ್ರೋಲ್ ಬರುತ್ತಿಲ್ಲ. ಕಾರ್ಬುರೇಟರ್‌ಗೆ ಹೋಗುವ ಪೈಪ್ ಕಳಚಿ ಸೆಲ್ಫ್ ಹೊಡೆದರೆ ನಾಲ್ಕು ಹನಿ ಬಿತ್ತು, ಅಷ್ಟೇ. ಆಮೇಲೆ ಕಾಕಾ ಆಯಿಲ್ ನೋಡುವ ಕಡ್ಡಿ ಎಳೆದು ಮೂಗಿನ ಹತ್ತಿರ ಹಿಡಿದರು. ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಆಯಿಲ್ ನೀರಿನ ಹಾಗೆ ಇಳಿಯುತ್ತಿತ್ತು, ಪೆಟ್ರೋಲ್ ವಾಸನೆ ಗಮ್ಮೆನ್ನುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕ್ ಒಳಗೆ, ಕರೆಂಟಿನಲ್ಲಿ ಓಡುತ್ತದೆ. ಫಿಯೆಟ್‌ನಲ್ಲಿ ಅದು ಎಂಜಿನ್‌ನ ಮೈಗೇ ಅಂಟಿಕೊಂಡಿರುತ್ತದೆ. ಒಳಗಿನ ಕ್ಯಾಮ್ ಒಂದು ಲಿವರ್ ತಳ್ಳುತ್ತದೆ, ಲಿವರ್ ಒಂದು ರಬ್ಬರ್ ಡಯಾಫ್ರಮ್ ಅನ್ನು, ಅಂದರೆ ತೆಳುವಾದ ರಬ್ಬರ್ ಪೊರೆಯನ್ನು, ಎಳೆದು ಬಿಡುತ್ತದೆ. ಆ ಎಳೆತಕ್ಕೆ ಪೆಟ್ರೋಲ್ ಬರುತ್ತದೆ. ಡಯಾಫ್ರಮ್ ಹರಿದರೆ ಪೆಟ್ರೋಲ್ ಮೇಲೆ ಹೋಗುವ ಬದಲು ಕೆಳಗೆ ಆಯಿಲ್ ಚೇಂಬರ್‌ಗೆ ಇಳಿಯಬಹುದು. ತೆಳುವಾದ ಆಯಿಲ್‌ನಲ್ಲಿ ಹಾಗೇ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಬೆಂಕಿಯ ಭಯ ಬೇರೆ. ಕ್ಯಾನ್‌ನಲ್ಲಿ ಪೆಟ್ರೋಲ್ ತುಂಬಿ ಬಾನೆಟ್ ಮೇಲಿಂದ ಪೈಪ್ ಬಿಟ್ಟು ಓಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಎರಡು ಫೋನ್ ಮಾಡಿದೆ. ಕೊರಟಗೆರೆಯ ಗೆಳೆಯ ಬೈಕ್‌ನಲ್ಲಿ ಹೊಸ ಆಯಿಲ್ ಕ್ಯಾನ್ ತಂದ, ಹಳೇದನ್ನು ಹಿಡಿಯಲು ಒಂದು ಟಬ್ಬೂ ತಂದ. ಗೌರಿಬಿದನೂರಿನಿಂದ ಮೇಷ್ಟ್ರು ತಮ್ಮ ಅಂಬಾಸಿಡರ್‌ನಲ್ಲಿ ಬಂದರು. ರಿಟೈರ್ ಆದ ಮೇಷ್ಟ್ರು, ಮನೆಯಲ್ಲಿ ಒಂದು ಪದ್ಮಿನಿಯೂ ಇದೆ. ಮಡಿಲಲ್ಲಿ ಬಿಸ್ಕತ್ ಡಬ್ಬಿ. ಅದರೊಳಗೆ ಪೌಡರ್ ಸವರಿ ಕಾಗದದಲ್ಲಿ ಸುತ್ತಿಟ್ಟ ಒಂದೇ ಒಂದು ಡಯಾಫ್ರಮ್. ತಮ್ಮ ಪದ್ಮಿನಿಗೆ ಅಂತ ಎತ್ತಿಟ್ಟಿದ್ದು.

ಈ ಶಾಟ್ ನನಗೆ ತುಂಬಾ ಇಷ್ಟ. ಮೇಷ್ಟ್ರು ಅದನ್ನು ಬಿಸಿಲಿಗೆ ಹಿಡಿದು, ಹೆಬ್ಬೆರಳಲ್ಲಿ ಅಂಚಿನುದ್ದಕ್ಕೂ ಸವರಿ, ಸೂಜಿ ಮೊನೆಯಷ್ಟೂ ಬೆಳಕು ತೂರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದಾರೆ. ಕೂರಿಸುವಾಗಲೂ ಅವಸರವಿಲ್ಲ. ಲಿವರ್ ಅನ್ನು ಪೂರ್ತಿ ಒತ್ತಿ ಹಿಡಿದೇ ಸ್ಕ್ರೂ ಬಿಗಿ ಮಾಡಬೇಕು, ಇಲ್ಲದಿದ್ದರೆ ರಬ್ಬರ್ ಬಿಗಿದುಕೊಂಡು ಬೇಗ ಹರಿಯುತ್ತದೆ. ನಾನು ಲಿವರ್ ಒತ್ತಿದೆ, ಮೇಷ್ಟ್ರು ಎದುರು-ಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು.

"ರಬ್ಬರ್ ತಪ್ಪಲ್ಲಪ್ಪ, ಪೆಟ್ರೋಲ್ ಬದಲಾಗಿದೆ," ಅಂದರು. ಈಗ ಬಂಕ್‌ನಲ್ಲಿ ಸಿಗುವುದು ಶೇಕಡ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. 1968ರ ಕಾಲದ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಊದಿಕೊಳ್ಳುತ್ತದೆ, ಬಿರುಕು ಬಿಡುತ್ತದೆ. ಎಥನಾಲ್ ನೀರನ್ನೂ ಹೀರುವುದರಿಂದ ಗಾಡಿ ನಿಲ್ಲಿಸಿಟ್ಟರೆ ಟ್ಯಾಂಕ್‌ಗೂ ಕಾರ್ಬುರೇಟರ್‌ಗೂ ಕಷ್ಟ. ಹಳೇ ಗಾಡಿ ಇರುವವರು ಪೈಪ್, ಡಯಾಫ್ರಮ್ ಎಲ್ಲವನ್ನೂ ಎಥನಾಲ್ ತಡೆದುಕೊಳ್ಳುವ ವಿಟಾನ್ ರಬ್ಬರಿಗೆ ಬದಲಾಯಿಸಿಕೊಳ್ಳಿ. ಇದನ್ನು ಮೇಷ್ಟ್ರು ಕ್ಯಾಮೆರಾ ನೋಡಿಯೇ ಹೇಳಿದರು, ಹಾಗಾಗಿ ಕಟ್ ಮಾಡಿಲ್ಲ.

ಸೆಲ್ಫ್ ಹೊಡೆದ ತಕ್ಷಣ ಗಾಡಿ ಸ್ಟಾರ್ಟ್ ಆಯಿತು. ಕಾಕಾ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಗಾಡಿಗಿ ಇಟ್ಟಿದ್ದು ನನಗ ಕೊಟ್ರಲ್ರೀ ಸರ."

"ನಮ್ಮದು ಶೆಡ್‌ನಲ್ಲಿದೆ ಸಾರ್. ನಿಮ್ಮದು ರೋಡ್‌ನಲ್ಲಿದೆ," ಅಂದರು ಮೇಷ್ಟ್ರು.

ಗೌರಿಬಿದನೂರು ತಗ್ಗಿನಲ್ಲಿದೆ, ಚಿಕ್ಕಬಳ್ಳಾಪುರ ಎತ್ತರದಲ್ಲಿದೆ. ಮಂಚೇನಹಳ್ಳಿ ದಾಟಿದ ಮೇಲೆ ಏರು, ಮಟಮಟ ಮಧ್ಯಾಹ್ನ. ಕಾದ ಪೈಪ್‌ನಲ್ಲಿ ಪೆಟ್ರೋಲ್ ಆವಿಯಾದರೆ ಪಂಪ್ ಅದನ್ನು ಎಳೆಯಲಾರದು. ಅದಕ್ಕೇ ಪಂಪ್‌ಗೆ ಒದ್ದೆ ಬಟ್ಟೆ ಸುತ್ತಿದ್ದೆವು. ಚಿಕ್ಕಬಳ್ಳಾಪುರದ ಹುಡುಗರು ಜಾವಾ, ಯೆಜ್ಡಿ ಹತ್ತಿ ಎದುರಿಗೇ ಬಂದಿದ್ದರು, ನಮ್ಮ ಮೈಸೂರಿನಲ್ಲೇ ತಯಾರಾದ ಬೈಕುಗಳು. ಒಬ್ಬ ಹಿಂದೆ, ಒಬ್ಬ ಮುಂದೆ. ಬಟ್ಟೆ ಒಣಗಿದಾಗಲೆಲ್ಲ ನೀರಿನ ಬಾಟಲಿ ಹಿಡಿದು ಓಡಿ ಬರುತ್ತಿದ್ದರು.

ಶಿಡ್ಲಘಟ್ಟ ದಾಟಿ ಚಿಂತಾಮಣಿಗೆ ಬಂದಾಗ ಸಂಜೆ. ಅಲ್ಲಿನ ಭಾಯ್ ಸುಮ್ನೆ ಕಳಿಸುವವರಲ್ಲ. ಪ್ಲಗ್‌ಗೆ ಸರಿಯಾದ ಹೊತ್ತಿಗೆ ಕಿಡಿ ಬರುವಂತೆ ಮಾಡುವ ಪಾಯಿಂಟ್ ಸ್ವಲ್ಪ ಸುಟ್ಟಿತ್ತು, ಪಾಲಿಶ್ ಪೇಪರ್‌ನಲ್ಲಿ ಉಜ್ಜಿ ಗ್ಯಾಪ್ ಸೆಟ್ ಮಾಡಿದರು. ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿ, "ಕಿಂಗ್ ಪಿನ್ ಆಟ ಇದೆ ಸಾಬ್. ನಿಧಾನಕ್ಕೆ ಹೋದರೆ ಕೆಜಿಎಫ್ ಮುಟ್ಟುತ್ತೀರಿ. ವಾಪಸ್ ಹೋಗೋ ಮುಂಚೆ ನನಗೆ ಫೋನ್ ಮಾಡಿ," ಅಂದರು. ಕಿಂಗ್ ಪಿನ್ ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಕೀಲು, ಆಟ ಅಂದರೆ ಅದು ಸಡಿಲವಾಗಿದೆ ಅಂತ. ಹರಿದ ಡಯಾಫ್ರಮ್ ಅನ್ನು ಕೇಳಿ ಇಸಿದುಕೊಂಡರು. ಅದೇ ಅಳತೆಗೆ ವಿಟಾನ್ ಶೀಟ್‌ನಲ್ಲಿ ಕತ್ತರಿಸಿ ನೋಡುತ್ತಾರಂತೆ. ಸರಿ ಬಂದರೆ ಮೊದಲನೆಯದು ಗೌರಿಬಿದನೂರಿನ ಬಿಸ್ಕತ್ ಡಬ್ಬಿಗೆ.

ಕೋಲಾರ, ಬಂಗಾರಪೇಟೆ, ಆಮೇಲೆ ದೂರದಲ್ಲಿ ಸೈನೈಡ್ ದಿಬ್ಬಗಳು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು. ಕಾಕಾ ಸೆಕೆಂಡ್ ಗೇರ್‌ಗೆ ಇಳಿಸಿದರು. ರಾಬರ್ಟ್‌ಸನ್‌ಪೇಟೆಯಲ್ಲಿ ಯಾರನ್ನೂ ದಾರಿ ಕೇಳಲಿಲ್ಲ. ಹಳೇ ಕ್ವಾರ್ಟರ್ಸ್ ಮುಂದೆ ನಿಲ್ಲಿಸಿ, "ಇಲ್ಲೇ ಅಪ್ಪ ನನಗ ಕ್ಲಚ್ ಬಿಡೋದು ಕಲಿಸಿದ್ದು," ಅಂದರು.

ವಾಪಸ್ ದಾರಿಯೂ ಗೊತ್ತಾಗಿದೆ. ಕಿಂಗ್ ಪಿನ್ ಸೆಟ್ ಇರುವುದು ಮಧುಗಿರಿಯ ಒಬ್ಬರ ಹತ್ತಿರ. ಹಾಗಾಗಿ ಕಾಕಾ ಗೌರಿಬಿದನೂರಿನಿಂದ ಮಧುಗಿರಿ, ಶಿರಾ ಮೇಲೆ ಹೈವೇ ಸೇರುತ್ತಾರೆ. ಆ ದಾರಿಯಲ್ಲಿ ತುಮಕೂರು ಸಿಗುವುದಿಲ್ಲ. ಜ್ಯಾಕ್, ಗ್ರೀಸ್ ಗನ್ ತೆಗೆದುಕೊಂಡು ನಾನೇ ಮಧುಗಿರಿಗೆ ಹೋಗುತ್ತೇನೆ. ಮುಂದಿನ ವಿಡಿಯೋ ಅಲ್ಲಿಂದ.